ಕಿಟಕಿ ತೆರೆಯಲು ಅರ್ಜಿ

ಹೋದ ಭಾನುವಾರ ನಮ್ಮ ಬಡಾವಣೆ ಸಂಘದ ಹಳೇ ಬೀರು ಖಾಲಿ ಮಾಡುತ್ತಿದ್ದಾಗ ತಳದಲ್ಲಿ ಒಂದು ಅರ್ಜಿ ಸಿಕ್ಕಿತು. ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ, ಹಿಂದೆ ಆಧಾರ್ ಜೆರಾಕ್ಸ್, ತುಕ್ಕು ಹಿಡಿದ ಪಿನ್ನು. ತಲೆಬರಹ: ‘ಮನೆಯ ಕಿಟಕಿ ತೆರೆಯಲು ಅನುಮತಿ ಕೋರಿ ಅರ್ಜಿ.’ ನಗು ಬಂತು. ಆಮೇಲೆ ಎದುರುಮನೆ ಟೈಪಿಸ್ಟಮ್ಮ ನೆನಪಾಗಿ ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ...

ಕುವೆಂಪುನಗರದ ನಮ್ಮ ಅಡ್ಡರಸ್ತೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಆದೇಶ, ಸುತ್ತೋಲೆ, ನೋಟೀಸು ಟೈಪ್ ಮಾಡಿ ನಿವೃತ್ತರಾದವರು. ಬೆಳಗಿನ ಪೂಜೆಗೆ ಸ್ಕೂಟಿಯಲ್ಲಿ ಚರ್ಚಿಗೆ ಹೋಗಿಬಂದು ಟೈಪ್‌ರೈಟರ್ ಮುಂದೆ ಕೂತರೆ ಮಧ್ಯಾಹ್ನದವರೆಗೆ ನಮಗೆಲ್ಲ ಟಕಟಕ ಕೇಳಿಸುತ್ತಿತ್ತು. ಏನು ಹೊಡೆಯುತ್ತಾರೋ ಯಾರಿಗೂ ಗೊತ್ತಿರಲಿಲ್ಲ.

ಸಂಘದ ವಾರ್ಷಿಕ ಸಂಚಿಕೆಗೆ ನಾನು ಸಂಪಾದಕ. ಒಂದು ವರ್ಷ ಅವರೇ ಬಂದು ಕಥೆ ಕೊಟ್ಟರು. ಒಂದು ಊರಿನಲ್ಲಿ ಕಿಟಕಿ ತೆರೆಯುವುದಕ್ಕೂ ಸರ್ಕಾರದ ಅಪ್ಪಣೆ ಬೇಕು. ಜನ ಮೊದಲು ಗೊಣಗುತ್ತಾರೆ, ಆಮೇಲೆ ಸಾಲಿನಲ್ಲಿ ನಿಲ್ಲುತ್ತಾರೆ. ಕೊನೆಗೆ ಅಪ್ಪಣೆ ಸಿಕ್ಕವರೂ ಯಾಕೆ ಬೇಕು ರಗಳೆ ಎಂದು ಕಿಟಕಿ ಮುಚ್ಚಿಕೊಂಡೇ ಇರುತ್ತಾರೆ. ಕಥೆಯ ಜೊತೆ ಅರ್ಜಿಯ ನಮೂನೆಯನ್ನೂ ಟೈಪ್ ಮಾಡಿದ್ದರು. ಕಿಟಕಿ ಯಾವ ದಿಕ್ಕಿಗಿದೆ? ಒಳಬರುವ ಗಾಳಿಯ ಮೂಲ ಯಾವುದು? ಕಂಡದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ... ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಎಡವಟ್ಟು ಮಾಡಿದವನು ನಾನು. ಕಥೆಯ ಪಕ್ಕ ಜಾಗ ಸಾಲದೆ ನಮೂನೆಯನ್ನು ಕೊನೆಯ ಪುಟಕ್ಕೆ ಹಾಕಿದೆ. ನಮ್ಮ ಜನ ಕಥೆ ಓದದಿದ್ದರೂ ಅರ್ಜಿ ಕಂಡರೆ ಬಿಡುತ್ತಾರೆಯೇ? ಯಾರೋ ಅದರ ಫೋಟೋ ತೆಗೆದು ವಾಟ್ಸ್‌ಆ್ಯಪಿಗೆ ಹಾಕಿ, ಕೊನೆಯ ದಿನಾಂಕವನ್ನೂ ಸೇರಿಸಿದರು. ಎರಡೇ ದಿನದಲ್ಲಿ ಸಂಘದ ಬಾಗಿಲಲ್ಲಿ ಸಾಲು. “ಬಾತ್‌ರೂಮ್ ಕಿಟಕಿಗೂ ಬೇರೆ ಅರ್ಜಿ ಹಾಕ್ಬೇಕೇನ್ರೀ?” ಎಂದು ನಿವೃತ್ತ ಮೇಷ್ಟ್ರೊಬ್ಬರು ಗಂಭೀರವಾಗಿ ಕೇಳಿದ್ದರು.

ಟೈಪಿಸ್ಟಮ್ಮನಿಗೆ ಹೇಳಿದಾಗ ಅವರು ನಗಲಿಲ್ಲ. “ಕಥೇಲಿ ಬರೆದಿದ್ದು ಸಾಲು ನಿಲ್ಲೋದಕ್ಕೆ ಒಂದು ವರ್ಷ ಬೇಕು ಅಂತ. ಎರಡೇ ದಿನಕ್ಕೆ ನಿಂತ್ಬುಟ್ರಲ್ಲಪ್ಪ,” ಎಂದರು.

ಅಷ್ಟರಲ್ಲಿ ಸರ್ಕಾರವನ್ನು ಗೇಲಿ ಮಾಡಿದ್ದಾರೆ ಎಂದು ಯಾರೋ ದೂರು ಕೊಟ್ಟರು. ನಮ್ಮ ಅಧ್ಯಕ್ಷರಿಗೆ ಎಲ್ಲಿಂದಲೋ ಫೋನು ಬಂತಂತೆ. ಕಥೆ ಬರೆದದ್ದು ತಪ್ಪಾಯಿತು ಎಂದು ಆಯಮ್ಮ ಬರೆದುಕೊಡಲಿ, ಇಲ್ಲದಿದ್ದರೆ ಮುಂದಿನ ವರ್ಷದಿಂದ ಸಂಚಿಕೆಯೇ ನಿಲ್ಲುತ್ತದೆ ಎಂದರು. ಕ್ಷಮಾಪಣೆ ಬರೆದುಕೊಂಡು ನಾನೇ ಅವರ ಮನೆಗೆ ಹೋದೆ. ಅವರು ಪೂರ್ತಿ ಓದಿ, ಮಡಚಿ, ನನ್ನ ಕೈಗೇ ಕೊಟ್ಟರು.

“ಇದಕ್ಕೆ ಸಹಿ ಹಾಕೋಕಾಗಲ್ಲ ಕಣಪ್ಪ. ಮೂವತ್ತು ವರ್ಷ ಬೇರೆಯವರು ಹೇಳಿದ್ದನ್ನ ಹೊಡೆದಿದೀನಿ. ಇದೊಂದು ನಾನು ಹೇಳಿದ್ದು.”

ಕಾಫಿ ಕೊಟ್ಟು ಕಳಿಸಿದರು. ನಾನು ಹೆದರಿಕೊಂಡಿದ್ದೆ. ಸಂಚಿಕೆ ನಿಲ್ಲಬಾರದು ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡು, ಸೂಚನಾ ಫಲಕಕ್ಕೆ ಒಂದು ಹಾಳೆ ಅಂಟಿಸಿದೆ. ‘ಲೇಖಕಿಯ ಪರವಾಗಿ ಸಂಪಾದಕರು ಕ್ಷಮೆ ಕೋರುತ್ತಾರೆ.’

ಮರುದಿನ ಅವರು ಫಲಕದಲ್ಲಿದ್ದ ಆ ಹಾಳೆ ಓದಿದರು. ಆಮೇಲೆ ನಮ್ಮ ಗೇಟಿಗೆ ಬಂದರು.

“ನಿನಗೆ ಭಯ ಆಗಿದ್ರೆ ನಿನ್ನ ಹೆಸರಲ್ಲೇ ಕೇಳ್ಕೋಬಹುದಿತ್ತು. ನನ್ನ ಪರವಾಗಿ ಅಂತ ಯಾಕೆ ಹಾಕ್ಬುಟ್ಟೆ?”

ಅವರು ಕೂಗಾಡಲಿಲ್ಲ. ಆ ಭಾನುವಾರ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು, ಮೈಕಿಲ್ಲದೆ, ಕಥೆಯನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಅರ್ಜಿ ತುಂಬಿದ್ದ ಆ ಮೇಷ್ಟ್ರೇ ಮುಂದೆ ಕೂತು ತಮ್ಮ ಪೆದ್ದುತನಕ್ಕೆ ತಾವೇ ನಗುತ್ತಿದ್ದರಂತೆ. ನಾನು ಹೋಗಲಿಲ್ಲ. ಆಮೇಲೆ ರಸ್ತೆಯಲ್ಲಿ ಸಿಕ್ಕಾಗಲೆಲ್ಲ ಅವರು ಊಟ ಆಯ್ತಾ ಎಂದು ಕೇಳುತ್ತಿದ್ದರು. ಸಂಚಿಕೆಗೆ ಮಾತ್ರ ಮತ್ತೆ ಒಂದು ಸಾಲನ್ನೂ ಕೊಡಲಿಲ್ಲ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಈ ಸಲದ ಸಂಚಿಕೆಯ ಮೊದಲ ಪುಟಕ್ಕೆ ಅವರ ಕಥೆಯನ್ನೇ ಕೊಟ್ಟಿದ್ದೇನೆ. ಅಧ್ಯಕ್ಷರು, “ಬೇಕಿತ್ತಾ ಇದೆಲ್ಲ?” ಎಂದರು. ಬೇಕು ಎಂದೆ. ಸಂಪಾದಕನ ಹುದ್ದೆ ಹೋದರೆ ಹೋಗಲಿ. ಕಥೆಯ ಕೆಳಗೆ ನನ್ನ ಪೂರ್ತಿ ಹೆಸರು, ಸಹಿ ಹಾಕಿ, ಹೆದರಿದ್ದು ನಾನು, ಅವರು ಯಾರಲ್ಲಿಯೂ ಕ್ಷಮೆ ಕೇಳಿರಲಿಲ್ಲ ಎಂದು ಬರೆದಿದ್ದೇನೆ. ಅವರು ಓದುವಂತಿದ್ದಾಗಲೇ ಇದನ್ನು ಬರೆಯಬೇಕಿತ್ತು.