ಆರಿಸಿ ತೆಗೆದ ಕಾಳು

ನಮ್ಮ ಲ್ಯಾಬಿನಲ್ಲಿ ಅವರನ್ನು ಎಲ್ಲರೂ ಮಿಕ್ಸಿ ಅಕ್ಕ ಅನ್ನುತ್ತಿದ್ದೆವು. ಮೆಕ್ಕೆಜೋಳ, ಶೇಂಗಾ, ಹಿಂಡಿ, ಪರೀಕ್ಷೆಗೆ ಏನೇ ಬರಲಿ, ಪುಡಿ ಮಾಡಿ ನನ್ನ ಮೇಜಿಗೆ ತಂದಿಡುವುದು ಅವರ ಕೆಲಸ. ಅದರಲ್ಲಿ ಬೂಷ್ಟಿನಿಂದ ಹುಟ್ಟುವ ವಿಷ ಎಷ್ಟಿದೆ ಎಂದು ಅಳೆಯುವುದು ನನ್ನದು. ಗಂಡ ತೀರಿಕೊಂಡ ಮೇಲೆ, ಹನ್ನೊಂದು ವರ್ಷದ ಹಿಂದೆ, ಹಾಸ್ಟೆಲಿನ ಅಡುಗೆಮನೆ ಬಿಟ್ಟು ಇಲ್ಲಿ ಸೇರಿದವರು. ಅಲ್ಲಿ ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕರೂ ವಾರ್ಡನ್ ಜೀವ ತಿನ್ನುತ್ತಿದ್ದನಂತೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಆದರೂ ಅವರ ಪುಡಿಯ ನಯ ನೋಡಿ, "ನಿಮ್ಮ ಕೈಗೆ ಬಂಗಾರದ ಕಡಗ ತೊಡಿಸ್ಬೇಕು ಅಕ್ಕಾ" ಎಂದು ಹೊಗಳಿದ್ದೇನೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಅಕ್ಕನ ತಮ್ಮನಿಗೆ ಆರು ಹಸು. ಹೋದ ತಿಂಗಳು ಮೇವಿನ ಮೆಕ್ಕೆಜೋಳ ಕೊಳ್ಳುವ ಮೊದಲು ಅವನು ಸ್ವಲ್ಪ ಕಾಳು ಪರೀಕ್ಷೆಗೆ ತಂದ. ವಿಷ ಇಲ್ಲವೆನ್ನುವಷ್ಟು ಕಮ್ಮಿ ಬಂತು. ಸಹಿ ಹಾಕಿಕೊಟ್ಟೆ. ಮೂರು ವಾರದಲ್ಲಿ ನಾಲ್ಕು ಹಸು ಮೇವು ಬಿಟ್ಟು, ಸೊರಗಿ ಸತ್ತವು. ಉಳಿದ ಚೀಲ ಹೊತ್ತು ಮತ್ತೆ ಬಂದವನು ಹೊರಗೆ ಬೆಂಚಿನ ಮೇಲೆ ಕೂತ.

ಈ ಸಲ ನಾನೇ ಪುಡಿ ಮಾಡುವ ಕೋಣೆಗೆ ಹೋದೆ. ಹನ್ನೊಂದು ವರ್ಷದಲ್ಲಿ ಅಕ್ಕ ಕೆಲಸ ಮಾಡುವ ಹೊತ್ತಿಗೆ ಅಲ್ಲಿ ಕಾಲಿಟ್ಟಿದ್ದು ಅದೇ ಮೊದಲು. ಅಕ್ಕ ತಟ್ಟೆಯಲ್ಲಿ ಆ ಚೀಲದ ಕಾಳು ಹರಡಿಕೊಂಡು, ಕಪ್ಪಾದದ್ದು, ಹಸಿರು ಹಿಡಿದದ್ದು ಒಂದೊಂದೇ ಹೆಕ್ಕಿ ಕಸದ ಡಬ್ಬಿಗೆ ಹಾಕುತ್ತಿದ್ದರು.

"ಅಯ್ಯೋ, ಏನ್ ಮಾಡ್ತಿದೀರಾ ಅಕ್ಕಾ?"

"ಕೆಟ್ಟಿದ್ದನ್ನ ತೆಗೀತಿದೀನಿ ಸಾರ್. ಹಾಗೇ ಪುಡಿ ಮಾಡೋಕಾಗುತ್ತಾ? ಮೊದಲಿಂದ ಹೀಗೇ ತಾನೇ ಮಾಡೋದು?"

ವಿಷ ಇರುವುದೇ ಆ ಕಾಳುಗಳಲ್ಲಿ. ಡಬ್ಬಿಯದ್ದನ್ನೂ ಸೇರಿಸಿ ಪುಡಿ ಮಾಡಿಸಿ ಅಳೆದೆ. ಮಿತಿಯ ಮೂವತ್ತು ಪಟ್ಟು! ಹನ್ನೊಂದು ವರ್ಷ ನಾನು ಸಹಿ ಹಾಕಿದ ರಿಪೋರ್ಟುಗಳೆಲ್ಲ ಹೀಗೇ ಸುಳ್ಳಲ್ಲವೇ! ಆರಿಸಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಯಾರೂ ಅಂತೇನು, ಹೇಳಬೇಕಾದವನು ನಾನೇ.

ವಿಷಯ ತಿಳಿದು ಅಕ್ಕ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. ಆಮೇಲೆ, "ಅವನಿಗೆ ನಾನೇ ಹೇಳ್ತೀನಿ" ಎಂದು ಹೊರಗೆ ಹೋದರು. ನಾನು ಬಾಗಿಲ ಹಿಂದೆ ನಿಂತೆ.

"ನನ್ನಿಂದಾನೇ ಸತ್ತಿದ್ದು ಕಣೋ. ಕೆಟ್ಟ ಕಾಳೆಲ್ಲ ನಾನು ತೆಗೆದುಬಿಟ್ಟಿದ್ದೆ."

"ನೀನಿದೀಯ ಅಂತಾನೇ ಇಲ್ಲಿಗೆ ತಂದಿದ್ದೆ ಅಕ್ಕಾ," ಎಂದ ತಮ್ಮ. "ಇನ್ಮೇಲೆ ನಮ್ಮನೆ ಹೊಸಿಲು ತುಳೀಬೇಡ."

ತಪ್ಪು ನನ್ನದೆಂದು ಹೇಳಲು ಐದು ಹೆಜ್ಜೆ ಸಾಕಿತ್ತು. ಕಾಲು ಏಳಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ, ಇನ್ನೇನು! ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಕ್ಕ ಒಳಗೆ ಬಂದು, ನನ್ನ ಮುಖ ನೋಡದೆ ಮಿಕ್ಸಿಯ ಜಾರು ತೊಳೆಯತೊಡಗಿದರು.

"ನಿಮ್ಮ ಹೆಸರು ಎತ್ತಿಲ್ಲ ಸಾರ್," ಎಂದರು.