ಟೇಕಡಿಯ ಬುಡದಲ್ಲಿ ಬರೆದ ಸುಳ್ಳು ಟೈಮು

ಇದನ್ನು ಬರೆಯಬೇಕೆಂದು ಮೂರು ಸಲ ಹಾಳೆ ತೆಗೆದೆ. ಮೂರು ಸಲವೂ ಕಿರಾಣಿ ಸಾಮಾನಿನ ಪಟ್ಟಿ ಬರೆದು ಎದ್ದೆ. ಹೀಗೇ ಎರಡು ವರ್ಷ ಹೋಯಿತು. ಊರಿನವರು ಫೋನು ಮಾಡಿ "ಪುಣೆ ಹೆಂಗೈತ್ರಿ?" ಎಂದು ಕೇಳಿದಾಗಲೆಲ್ಲ ಹವೆಯ ಮಾತಾಡಿ ಮುಗಿಸಿದ್ದೇನೆ. ನನಗೀಗ ಎಪ್ಪತ್ತೊಂದು. ಇನ್ನೂ ತಡಮಾಡಿದರೆ ಇದು ಹೇಳದೆಯೇ ಉಳಿದುಬಿಡುತ್ತದೆ.

ಹೆಂಡತಿ ತೀರಿಕೊಂಡ ಮೇಲೆ ಮಗಳು ಗಿರಿಜಾ ನನ್ನನ್ನು ಗದಗಿನಿಂದ ಇಲ್ಲಿಗೆ ಕರೆತಂದಳು. ಮರುದಿನ ಬೆಳಗ್ಗೆ ಆರಕ್ಕೆ ತಿರುಗಾಡಲು ಹೊರಟೆ. ಮನೆಯ ಹಿಂದೆ ಒಂದು ಗುಡ್ಡ. ಇಲ್ಲಿಯವರು ಟೇಕಡಿ ಎನ್ನುತ್ತಾರೆ. ಅದರ ಬುಡದಲ್ಲಿ ಹತ್ತು ಹನ್ನೆರಡು ಜನ, ಗಂಡಸರು ಹೆಂಗಸರು, ನೆಲದ ಮೇಲೆ ಅಂಗಾತ ಬಿದ್ದಿದ್ದರು. ಕಾಲುಗಳು ಕಂಪೌಂಡ್ ಗೋಡೆಯ ಮೇಲೆ. ಒಬ್ಬರೂ ಅಲುಗಾಡುತ್ತಿಲ್ಲ. ಅಪಘಾತವೆಂದೇ ತಿಳಿದು, "ಯಾರರ ಬರ್ರಿ, ನೀರ ತರ್ರಿ!" ಎಂದು ಕೂಗುತ್ತ ಓಡಿದೆ. ಬಿದ್ದವರೆಲ್ಲ ಒಮ್ಮೆಲೇ ನಗತೊಡಗಿದರು. ಒಬ್ಬ ಹೆಂಗಸು ಮೊಣಕೈ ಊರಿ ಎದ್ದು, "ಅಣ್ಣಾ ಘಾಬರಲೇ!" ಎಂದಳು. ಅಣ್ಣ ಹೆದರಿದ ಎಂದರ್ಥ.

ಅವರು ಓಟದ ಗುಂಪಿನವರು. ಓಡಿ ಬಂದು ಕಾಲಿಗೆ ವಿಶ್ರಾಂತಿ ಕೊಡುತ್ತಿದ್ದರು. ಹೆಂಡತಿ ಸತ್ತು ತಿಂಗಳಾಗದ ನನಗೆ ಆ ನಗೆ ಎದೆಗೆ ಚುಚ್ಚಿತು. ಆ ಹೆಂಗಸಿನ ಹೆಸರನ್ನು ಕೊನೆಗೆ ಬರೆಯುತ್ತೇನೆ. ಈಗ ಕೈ ಬರುತ್ತಿಲ್ಲ.

ಗದಗಿನ ಬಸ್ ನಿಲ್ದಾಣದಲ್ಲಿ ನಾನು ಮೂವತ್ತನಾಲ್ಕು ವರ್ಷ ಕಂಟ್ರೋಲರ್ ಆಗಿದ್ದೆ. ಯಾವ ಗಾಡಿ ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು, ಬರೆಯುವುದು ನನ್ನ ಕೆಲಸ. ಡ್ರೈವರುಗಳು ಚಹಾ ತಂದಿಟ್ಟು, "ಸಾಹೇಬ್ರ, ಐದು ನಿಮಿಷ ಹಿಂದ ಹಾಕ್ರಿ" ಎಂದು ಗೋಗರೆಯುತ್ತಿದ್ದರು. ಚಹಾ ಕುಡಿಯುತ್ತಿದ್ದೆ, ಟೈಮು ಮಾತ್ರ ಇದ್ದದ್ದನ್ನೇ ಬರೆಯುತ್ತಿದ್ದೆ. ಊರಲ್ಲಿ ನನ್ನ ಮರ್ಯಾದೆ ಎಂದರೆ ಅದೊಂದೇ.

ಇಲ್ಲಿ ಯಾರೂ ನನ್ನನ್ನು ಟೈಮು ಕೇಳಲಿಲ್ಲ. ಅಲ್ಲಿ ಬಾಗಿಲು ತೆರೆದಿದ್ದರೆ ಓಣಿಯೆಲ್ಲ ಒಳಗೆ ಬರುತ್ತಿತ್ತು. ಇಲ್ಲಿ ಎದುರುಮನೆಯ ಬಾಗಿಲ ಮೇಲೆ ಬೋರ್ಡು: "ಒಂದರಿಂದ ನಾಲ್ಕರವರೆಗೆ ಮಲಗಿರುತ್ತೇವೆ. ಬೆಲ್ ಒತ್ತುವ ಮೊದಲು ನಿಮಗೆ ನಿಜವಾಗಿಯೂ ಕೆಲಸವಿದೆಯೇ ಎಂದು ಯೋಚಿಸಿ." ಅಂಗಡಿಯಲ್ಲಿ ಕಷ್ಟಪಟ್ಟು ಮರಾಠಿಯಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಬರುತ್ತಿತ್ತು. ನಿನ್ನ ಮರಾಠಿ ನಮಗೆ ಬೇಡ ಎಂದ ಹಾಗೆ. ಚಪಾತಿಗೆ ಪೋಳಿ ಎನ್ನುತ್ತಾರೆ; ಅದು ಹಲ್ಲಿಗೆ ಸಿಗುವ ಮೊದಲೇ ಹೊಟ್ಟೆ ಸೇರುತ್ತದೆ ಎಂದು ಸಿಕ್ಕವರ ಮುಂದೆಲ್ಲ ಗೊಣಗುತ್ತಿದ್ದೆ. ಈ ಊರು ನನಗೆ ಸೇರಲಿಲ್ಲ. ಸೇರಬಾರದೆಂದು ನಾನೂ ಹಟ ಹಿಡಿದಿದ್ದೆ.

ಮಧ್ಯಾಹ್ನ ಸಿಟಿ ಬಸ್ಸು ಹತ್ತಿ ಕಾತ್ರಜಕ್ಕೆ ಹೋಗುತ್ತಿದ್ದೆ. ನಮ್ಮ ಕಡೆಯ ಗಾಡಿಗಳು ಅಲ್ಲಿ ಹಾಯುತ್ತವೆ. ಒಮ್ಮೆ ನನ್ನ ಗುರುತಿದ್ದ ಒಬ್ಬ ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, "ಹತ್ರಿ ಕಾಕಾ, ಹುಬ್ಬಳ್ಳಿ, ಹುಬ್ಬಳ್ಳಿ!" ಎಂದ.

"ಹತ್ತಾಂಗಿಲ್ಲಪಾ. ನೀ ಹನ್ನೆರಡು ನಿಮಿಷ ಲೇಟ್ ಅದಿ, ಅದನ್ನ ನೋಡಾಕ ಬಂದಿದ್ದೆ."

"ಅಯ್ಯ! ರಿಟೈರ್ ಆದ್ರೂ ಬಿಡವಲ್ರಲ್ರಿ!" ಎಂದು ನಕ್ಕು ಸೀಟಿ ಹೊಡೆದ. ಆ ನಗು ನನಗೆ ನೋಯಲಿಲ್ಲ. ಕನ್ನಡದ ನಗು ಅದು.

ಸಕ್ಕರೆ ಕಾಯಿಲೆ ಏರಿದಾಗ ಡಾಕ್ಟರು ನಡೆಯಲೇಬೇಕೆಂದರು. ಓಟದ ಗುಂಪಿನ ಮುಂದಾಳು ದೇಸಾಯಿ. ಅವರ ಅಜ್ಜನ ಕಾಲಕ್ಕೇ ಧಾರವಾಡ ಬಿಟ್ಟು ಬಂದವರು. ಮನೆಗೇ ಬಂದು ಕರೆದರು: "ಬರ್ರಿ ಕಂಟ್ರೋಲರ್ ಸಾಹೇಬ್ರ. ನಮ್ಮ ಗುಂಪಿನ್ಯಾಗ ಎಲ್ಲಾರೂ ರಿಪೇರಿ ಗಾಡಿನಽ. ಒಬ್ಬರದು ಮೊಣಕಾಲು, ಒಬ್ಬರದು ಹಾರ್ಟು. ನಿಮ್ಮದೊಂದು ಭಾಳ ಏನ್ ಆಗೂದಿಲ್ಲ."

ಮೊದಲ ತಿಂಗಳು ನಡಿಗೆ. ಆಮೇಲೆ ನಾಲ್ಕು ನಿಮಿಷ ನಡೆದು ಒಂದು ನಿಮಿಷ ಓಟ. ದಿನಾ ಓಡಿ ಬಂದ ಮೇಲೆ ಎಲ್ಲರೂ ತಂತಮ್ಮ ಫೋನಿನ ಲೆಕ್ಕವನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ನನ್ನ ಹಳೆಯ ಕೆಲಸ ತಿಳಿದ ದೇಸಾಯಿಯವರು ಒಂದು ಕುರ್ಚಿ, ಒಂದು ಸ್ಟಾಪ್‌ವಾಚು, ಒಂದು ರಿಜಿಸ್ಟರು ಕೊಟ್ಟರು. ಈ ಊರು ನನಗೆ ಕೊಟ್ಟ ಮೊದಲ ಮರ್ಯಾದೆ ಅದು.

ಮೊದಲ ದಿನ "ಘಾಬರಲೇ" ಎಂದಿದ್ದ ಆ ಹೆಂಗಸು ಫೋನಿನ ಲೆಕ್ಕ ನಂಬುತ್ತಿರಲಿಲ್ಲ. ಓಡುವಾಗ ಫೋನು ಜೊತೆಗೆ ಒಯ್ಯುತ್ತಲೂ ಇರಲಿಲ್ಲ, ನನ್ನ ಕುರ್ಚಿಯ ಮೇಲಿಟ್ಟು ಓಡುತ್ತಿದ್ದಳು. ಬಂದ ಮೇಲೆ ನನ್ನ ರಿಜಿಸ್ಟರಿನಲ್ಲಿ ತನ್ನ ಸಾಲಿನ ಫೋಟೋ ತೆಗೆದು ಗುಂಪಿಗೆ ಹಾಕುವಳು. ಆಕೆಯದು ನಮ್ಮ ಓಣಿಯ ತುದಿಯಲ್ಲಿ ಪೋಳಿ-ಭಾಜಿ ಮಾರುವ ಅಂಗಡಿ. ಸ್ಕೂಟರಿನಿಂದ ಬಿದ್ದು ಬಲಗಾಲಿಗೆ ರಾಡು ಹಾಕಿದ್ದರು. ಮಾತು ಮಾತ್ರ ನೆಟ್ಟಗಿತ್ತು. ಆಕೆಯ ಮರಾಠಿಯನ್ನು ಕನ್ನಡದಲ್ಲೇ ಬರೆಯುತ್ತೇನೆ.

"ಅಣ್ಣಾ, ನನ್ನನ್ನು ಹಿಂದೆ ಹಾಕಿದೆ ಅಂತ ಬೀಗಬೇಡಿ. ನನ್ನ ಕಾಲಲ್ಲಿ ಕಬ್ಬಿಣ ಇದೆ. ನಿಮ್ಮ ಕಾಲಲ್ಲಿ ಏನಿದೆ?"

"ಜೋಳದ ರೊಟ್ಟಿ."

"ಅದಕ್ಕೇ ಇಷ್ಟು ಭಾರ!"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಇಡ್ಲಿ ಮಾರುವವನಿಂದ ಹಿಡಿದು ದಕ್ಷಿಣದಿಂದ ಬಂದ ಗಂಡಸರೆಲ್ಲ ಇವರಿಗೆ ಅಣ್ಣಾಗಳೇ. ಮೂವತ್ತನಾಲ್ಕು ವರ್ಷ 'ಸಾಹೇಬ್ರ' ಎನ್ನಿಸಿಕೊಂಡವನು ನಾನು.

ಚಳಿಗಾಲದಲ್ಲಿ ಜೇಜುರಿ ಓಟ ಎಂದು ನಿರ್ಧಾರವಾಯಿತು. ಜೇಜುರಿ ಹತ್ತು ಕಿಲೋಮೀಟರ್ ಇರುವಾಗ ಗಾಡಿ ಇಳಿದು, ಬಿಸಿಲೇರುವ ಮೊದಲು ಅಲ್ಲಿನ ಖಂಡೋಬಾ ದೇವರ ಗುಡ್ಡದ ಮೆಟ್ಟಿಲು ಮುಟ್ಟಬೇಕು. ಅದಕ್ಕೆ ದೇಸಾಯಿಯವರ ನಿಯಮ: ತೊಂಬತ್ತು ನಿಮಿಷದಲ್ಲಿ ಹತ್ತು ಕಿಲೋಮೀಟರ್ ಮುಗಿಸಿದವರು ಮಾತ್ರ ಓಡಬಹುದು. ಒಬ್ಬರಿಗೆ ಒಂದೇ ಅವಕಾಶ, ರಿಜಿಸ್ಟರೇ ಸಾಕ್ಷಿ.

ಒಂದು ದಿನ ನಡೆಯುವಾಗ ಆಕೆ ನನಗೊಂದು ಮಾತು ಹೇಳಿದ್ದಳು. ಕೊಲ್ಹಾಪುರದಲ್ಲಿರುವ ಮಗ ಅಂಗಡಿ ಮುಚ್ಚಿ ತನ್ನ ಮನೆಗೆ ಬಾ ಎಂದು ಹಟ ಹಿಡಿದಿದ್ದ. ಈ ಕಾಲಲ್ಲಿ ಒಲೆ ಮುಂದೆ ಎಷ್ಟು ದಿನ ನಿಲ್ಲುತ್ತೀ ಎಂದು. "ಜೇಜುರಿಗೆ ಓಡಿ ಮೆಟ್ಟಿಲು ಹತ್ತಿ ತೋರಿಸುತ್ತೇನೆ. ಆಮೇಲೆ ನೀನು ಬಾಯಿ ತೆರೆಯಬಾರದು ಅಂತ ಪಂಥ ಕಟ್ಟಿದ್ದೇನೆ, ಅಣ್ಣಾ. ಯಾರಿಗೂ ಹೇಳಬೇಡಿ. ಸೋತರೆ ನಗುತ್ತಾರೆ."

ಆದ್ದರಿಂದ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಮೊದಲ ಭಾನುವಾರ ನಾನು ಓಡಿದೆ. ದೇಸಾಯಿಯವರು ವಾಚು ಹಿಡಿದಿದ್ದರು. ತೊಂಬತ್ತಾರು ನಿಮಿಷ. ಕೊನೆಯ ತಿರುವಿನಲ್ಲಿ ಆಕೆ ಚಪ್ಪಾಳೆ ತಟ್ಟುತ್ತ ಕೂಗಿದಳು: "ಗದಗ ಗಾಡಿ ಲೇಟ್! ಬರೀರಪ್ಪಾ, ಗದಗ ಗಾಡಿ ಲೇಟ್!" ಇಡೀ ಗುಂಪು ನಕ್ಕಿತು. ಚೇಷ್ಟೆಗೆ ಅಂದದ್ದು. ಇವತ್ತು ತಿಳಿಯುತ್ತದೆ. ಅಂದು ವಾರವಿಡೀ ಗಿರಿಜಾಳ ಜೊತೆ ಮಾತಾಡಲಿಲ್ಲ, ಸರಿಯಾಗಿ ಉಣ್ಣಲಿಲ್ಲ.

ಮುಂದಿನ ಭಾನುವಾರ ಆಕೆಯ ಸರದಿ. ಉಳಿದವರೆಲ್ಲ ಬಂದು ಮುಟ್ಟಿ ಚಹಾದ ಗಾಡಿಯ ಹತ್ತಿರ ನಿಂತಿದ್ದರು. ಕುರ್ಚಿಯಲ್ಲಿ ನಾನೊಬ್ಬನೇ. ಆಕೆ ತಿರುವಿನಲ್ಲಿ ಕಾಣಿಸಿದಳು. ಬಲಗಾಲು ಹೊರಗೆ ಬೀಸುತ್ತಿತ್ತು, ತುಟಿ ಕಚ್ಚಿಕೊಂಡಿದ್ದಳು. ಗೆರೆ ದಾಟಿದಳು. ವಾಚಿನ ಗುಂಡಿ ಒತ್ತಿ ನೋಡಿದೆ. ಗಡುವಿಗೆ ಇಪ್ಪತ್ತು ಸೆಕೆಂಡು ಉಳಿದಿತ್ತು.

ನಾನು ತೊಂಬತ್ತೆರಡು ನಿಮಿಷ ನಲವತ್ತು ಸೆಕೆಂಡು ಎಂದು ಬರೆದೆ. ಬರೆದು, ವಾಚನ್ನು ಸೊನ್ನೆಗೆ ತಿರುಗಿಸಿದೆ.

ಆಕೆ ಬಗ್ಗಿ ಸಾಲು ಓದಿದಳು. ಉಸಿರು ಇನ್ನೂ ಸಿಕ್ಕಿರಲಿಲ್ಲ. "ಸರಿಯಾಗಿದೆಯಾ ಅಣ್ಣಾ?" ಎಂದಳು. ನಾನು ಹೂಂ ಎಂದೆ. "ನೀವು ಬರೆದ ಮೇಲೆ ಸರಿಯೇ ಇರುತ್ತದೆ," ಎಂದಳು. ಎಂದಿನಂತೆ ಆ ಸಾಲಿನ ಫೋಟೋ ತೆಗೆದು ಗುಂಪಿಗೆ ಹಾಕಿದಳು, ಕೆಳಗೆ ಎರಡೇ ಪದ: "ಆಗಲಿಲ್ಲ, ಕ್ಷಮಿಸಿ." ಕ್ಷಮೆ ಕೇಳಿದವಳು ಆಕೆ. ಸಮಾಧಾನದ ಮಾತುಗಳು ಸಾಲಾಗಿ ಬಂದವು. ನಾನೂ ಒಂದು ಕೈಮುಗಿದ ಚಿತ್ರ ಹಾಕಿದೆ.

ಜೇಜುರಿಗೆ ನನ್ನನ್ನು ವಾಚು ಹಿಡಿಯಲು ಗಾಡಿಯಲ್ಲಿ ಕರೆದೊಯ್ದರು. ಮೆಟ್ಟಿಲ ಮೇಲೆಲ್ಲ ಭಕ್ತರು ಎರಚಿದ ಅರಿಶಿನ. ನಮ್ಮ ಕಡೆಯ ಒಬ್ಬ ಮುದುಕಿ ಪಕ್ಕದಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದಳು. "ಯಾವೂರ್ರಿಯಪ್ಪಾ?" ಎಂದಳು. ಏಕೋ "ಪುಣೆ" ಎಂದುಬಿಟ್ಟೆ.

"ಪುಣೇದವ್ರಾಗಿ ಕನ್ನಡ ಭಾಳ ಚಲೋ ಮಾತಾಡ್ತೀರಿ ಬಿಡ್ರಿ," ಎಂದು ನನ್ನ ಹಣೆಗೆ ಅರಿಶಿನ ಹಚ್ಚಿದಳು. ಸುಳ್ಳು ಟೈಮು ಬರೆದವನು ಗದಗಿನವನು ಎಂದು ಹೇಳಿಕೊಳ್ಳಲು ನನಗೆ ಬಾಯಿ ಬಂದಿರಲಿಲ್ಲ.

ತಿಂಗಳೊಳಗೆ ಪೋಳಿ-ಭಾಜಿ ಅಂಗಡಿಯ ಶಟರು ಇಳಿಯಿತು. "ಮಗನ ಹತ್ರ ಹೋದ್ರಂತ, ಅಪ್ಪಾ," ಎಂದಳು ಗಿರಿಜಾ. "ಹೋಗೋ ಮುಂದ ನಿಮಗ ಅಂತ ಜೋಳದ ರೊಟ್ಟಿ ಕಟ್ಟಿ ಕೊಟ್ಟಾರ. ದಪ್ಪ ಮಾಡೀನಿ, ಅಣ್ಣಾಗ ಹಲ್ಲಿಗೆ ಸಿಗಲಿ ಅಂದ್ರು." ಎರಡು ದಿನ ಡಬ್ಬಿ ತೆರೆಯಲಿಲ್ಲ. ಮೂರನೆಯ ದಿನ ರೊಟ್ಟಿಗೆ ಬೂಷ್ಟು ಹಿಡಿದಿತ್ತು.

ಈಗ ನಾನು ತೊಂಬತ್ತು ನಿಮಿಷದೊಳಗೆ ಓಡುತ್ತೇನೆ. ಮರಾಠಿಯಲ್ಲಿ ಜಗಳವಾಡುವಷ್ಟು ಕಲಿತಿದ್ದೇನೆ. ಎದುರುಮನೆಯವರು ನಾಲ್ಕರ ನಂತರ ಚಹಾಕ್ಕೆ ಕರೆಯುತ್ತಾರೆ. ರಿಜಿಸ್ಟರನ್ನು ಮಾತ್ರ ದೇಸಾಯಿಯವರಿಗೆ ಹಿಂದಿರುಗಿಸಿದೆ; ಕಣ್ಣು ಮಂಜಾಗಿದೆ ಎಂದು ಮತ್ತೊಂದು ಸುಳ್ಳು ಹೇಳಿದೆ. ಗದಗಿಗೆ ಹೋದರೆ ನಿಲ್ದಾಣದ ಹುಡುಗರು ಎದ್ದು ನಿಂತು, "ನಮ್ಮ ಕಂಟ್ರೋಲರ್ ಸಾಹೇಬ್ರು, ಒಂದ ನಿಮಿಷ ಹೆಚ್ಚುಕಡಿಮಿ ಬರದವರಲ್ಲ" ಎನ್ನುತ್ತಾರೆ. ಅಲ್ಲಿ ಹೆಚ್ಚು ಹೊತ್ತು ಕೂಡಲಾರೆ. ಇಲ್ಲಿ ಟೇಕಡಿಯ ಬುಡದ ಆ ಕುರ್ಚಿಯ ಕಡೆ ನೋಡಲಾರೆ. ಎರಡರ ನಡುವೆ ಗಾಡಿ ಕೊಲ್ಹಾಪುರದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಇದುವರೆಗೆ ಐದು ಸಲ ನಿಂತಿದೆ. ಐದು ಸಲವೂ ನಾನು ಕಿಟಕಿಯ ಪಕ್ಕದಲ್ಲಿ ಕೂತೇ ಇದ್ದೆ.

ಕೊನೆಗೂ ಬರೆದೆ. ಕನ್ನಡದಲ್ಲಿ ಬರೆದೆ. ಆಕೆಗೆ ಕನ್ನಡದ ಒಂದಕ್ಷರವೂ ಬಾರದು. ಇದೂ ಒಂದು ಬಗೆಯ ಅಡಗುವಿಕೆಯೇ ಎಂದು ನನಗೆ ಗೊತ್ತಿದೆ. ಆದರೂ ಆ ಸಾಲನ್ನು ಎಲ್ಲಾದರೂ ಒಂದು ಕಡೆ ಇದ್ದ ಹಾಗೆ ಬರೆಯಬೇಕು.

ಸುಮನಬಾಯಿ ಜಗತಾಪ. ಹತ್ತು ಕಿಲೋಮೀಟರ್. ಎಂಬತ್ತೊಂಬತ್ತು ನಿಮಿಷ, ನಲವತ್ತು ಸೆಕೆಂಡು.