ಬಾದಾಮಿ ಕೋಟೆಯ ಮೆಟ್ಟಿಲ ಮೇಲಿನ ಫೋಟೋ

ಆ ಫೋಟೋ ತೆಗೆಸಿದವನು ನಾನೇ. ಆಗ ಬಾಗಲಕೋಟೆಯಲ್ಲಿ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ಸ್ವಾತಂತ್ರ್ಯ ದಿನದ ಪುರವಣಿಗೆ ಪ್ರತಿ ವರ್ಷ ಒಬ್ಬ ಮಾಜಿ ಸೈನಿಕ ಬೇಕಾಗುತ್ತಿದ್ದ. ಆ ವರ್ಷ ಯಾರೂ ಸಿಗದೆ, ಬಾದಾಮಿಯಲ್ಲಿ ಬ್ಯಾಂಕಿನ ಕಾವಲುಗಾರನಾಗಿದ್ದ ನನ್ನ ಸೋದರಮಾವನ ಮನೆಗೆ ಫೋಟೋಗ್ರಾಫರನನ್ನು ಕರೆದುಕೊಂಡು ಹೋದೆ.

ಮಾಮಾ ಎರಡು ತಾಸು ಮಾತಾಡಿದರು. ಸೇನೆಯಲ್ಲಿದ್ದಾಗ ಹಿಮದ ಗಡಿಚೌಕಿಗೆ ಸೀಮೆಎಣ್ಣೆ ಡಬ್ಬಿ ಹೊತ್ತು ಹತ್ತುವಾಗ ಜಾರಿ ಬಿದ್ದು ಬಲ ಮೊಣಕಾಲು ತಿರುಚಿತ್ತಂತೆ. ಬಟ್ಟೆ ಬಿಗಿದುಕೊಂಡೇ ಉಳಿದ ಚಳಿಗಾಲ ಕಳೆದರಂತೆ. ಮುಂದೆ ಅತ್ತೆಗೆ ಕಾಯಿಲೆಯಾಗಿ, ಪಿಂಚಣಿಯ ಅವಧಿ ತುಂಬುವ ಮೊದಲೇ ಸೇನೆ ಬಿಟ್ಟರು. ಬಿಡುಗಡೆಯ ದಿನ ವೈದ್ಯರು ಏನಾದರೂ ತೊಂದರೆ ಇದೆಯೇ ಎಂದು ಕೇಳಿದಾಗ ‘ನಹೀ ಸಾಬ್, ಏಕ್‌ದಮ್ ಫಿಟ್’ ಎಂದಿದ್ದರು.

“ಹಂಗ್ಯಾಕ ಅಂದ್ರಿ ಮಾಮಾ?”

“ಊರಿಗೆ ಹೊಂಟಾಂವ ಯಾರರ ನೋವು ಐತಿ ಅಂತಾನೇನೋ? ಅಂದ್ರ ಆರ್ಮಿ ದವಾಖಾನ್ಯಾಗ ತಿಂಗಳಗಟ್ಟಲೆ ಇಟ್ಕೋತಾರ. ನನ್ನ ರೈಲು ಮರುದಿನಾನ ಇತ್ತು.”

ಎಲ್ಲವನ್ನೂ ಬರೆದುಕೊಂಡೆ. ಫೋಟೋಗ್ರಾಫರನಿಗೆ ಹಿನ್ನೆಲೆಯಲ್ಲಿ ಕೆಂಪು ಬಂಡೆ ಬೇಕಿತ್ತು. ಕೋಟೆಯ ಬುಡಕ್ಕೆ ಹೋಗಿ ನಾನೇ ಕೇಳಿಕೊಂಡೆ.

“ಮಾಮಾ, ಒಂದ್ ಇಪ್ಪತ್ತ ಮೆಟ್ಟಲಾ ಹತ್ತ್ರಿ, ಸಾಕು.”

“ಇಪ್ಪತ್ತ? ನಿಮ್ಮತ್ತಿ ನೋಡಿದ್ರ ಇನ್ನೊಂದ ಕಾಲೂ ಮುರೀತಾಳಲೇ,” ಎಂದು ನಕ್ಕರು. ನೋವಿನ ಗುಳಿಗೆ ನುಂಗಿ ಹತ್ತಿದರು, ಎದೆ ಸೆಟೆಸಿ ನಿಂತರು. ಇಳಿಯುವಾಗ ಅವರ ಭಾರವೆಲ್ಲ ನನ್ನ ಭುಜದ ಮೇಲಿತ್ತು.

ವರದಿಯಲ್ಲಿ ಮೊಣಕಾಲಿನ ಮಾತು ಎರಡು ವಾಕ್ಯದಷ್ಟಿತ್ತು. ಕಳಿಸುವ ಮೊದಲು ನಾನೇ ಹೊಡೆದುಹಾಕಿದೆ. ಆಗಸ್ಟ್ ಹದಿನೈದರ ಪುಟದಲ್ಲಿ ಕುಂಟುವ ಸೈನಿಕ ಸಲ್ಲ ಎಂಬುದು ಯಾರೂ ಹೇಳದ, ಆದರೆ ನಮಗೆಲ್ಲ ಗೊತ್ತಿದ್ದ ನಿಯಮ. ಅದರ ಬದಲು, ಕೋಟೆಯ ಮೆಟ್ಟಿಲುಗಳು ಅವರಿಗೆ ಇಂದಿಗೂ ಸಲೀಸು ಎಂದು ಬರೆದೆ. ಸುದ್ದಿ ತಿದ್ದುವ ಡೆಸ್ಕಿನವರು ಅದನ್ನೇ ಹಿಗ್ಗಿಸಿ ‘ದಿನವೂ ಕೋಟೆ ಹತ್ತುವ ಯೋಧ’ ಎಂದು ಶೀರ್ಷಿಕೆ ಕೊಟ್ಟರು.

ಬೆಳಿಗ್ಗೆಯೇ ಮಾಮಾ ಫೋನ್ ಮಾಡಿದರು. “ಮಣಕಾಲ್ದು ಬರ್ದೇ ಇಲ್ಲಲ್ಲೋ ಅಳಿಯಾ?”

“ಜಾಗ ಇರ್ಲಿಲ್ಲ ಮಾಮಾ.”

“ಹೋಗ್ಲಿ ಬಿಡು. ಫೋಟೋ ಚಲೋ ಬಂದೈತಿ.”

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅವರ ಕಾಲು ಮಡಚದಂತಾಯಿತು. ಮೊಣಕಾಲು ಬದಲಿಸಬೇಕು ಎಂದರು ವೈದ್ಯರು. ಪಿಂಚಣಿ ಇಲ್ಲದ್ದರಿಂದ ಮಾಜಿ ಸೈನಿಕರ ಚಿಕಿತ್ಸೆಯ ಕಾರ್ಡೂ ಅವರಿಗೆ ಇರಲಿಲ್ಲ. ಗಾಯ ಸೇವೆಯಲ್ಲೇ ಆದದ್ದು ಎಂದು ವೈದ್ಯಕೀಯ ಮಂಡಳಿ ಒಪ್ಪಿದರೆ ಮಾತ್ರ ಅದು ಸಿಗುತ್ತಿತ್ತು. ಅರ್ಜಿ ಹಾಕಿದರು. ಅದೇ ಚೌಕಿಯಲ್ಲಿದ್ದ ಹಳೆಯ ಜತೆಗಾರನೊಬ್ಬ ತಾನು ಕಣ್ಣಾರೆ ಕಂಡದ್ದನ್ನು ಬರೆದುಕೊಟ್ಟ.

ಸೈನಿಕರ ಫೈಲು ನೋಡಿದವರಿಗೆ ಗೊತ್ತು: ಭರ್ತಿಯ ಕಾಗದದಿಂದ ಹಿಡಿದು ಎಲ್ಲವೂ ತಾರೀಖಿನ ಕ್ರಮದಲ್ಲಿರುತ್ತದೆ, ಒಂದನ್ನೂ ಬಿಡುವುದಿಲ್ಲ. ಮಾಮಾ ಅದೇ ಶಿಸ್ತಿನಲ್ಲಿ ಅರ್ಜಿಯ ಜತೆ ನನ್ನ ವರದಿಯನ್ನೂ ಸೇರಿಸಿದ್ದರು. ಮಂಡಳಿಯ ಆದೇಶ ಬಂದಾಗ ಅದರಲ್ಲಿ ಎರಡು ಕಾರಣಗಳಿದ್ದವು. ಬಿಡುಗಡೆಯ ದಿನ ಅರ್ಜಿದಾರರು ಯಾವ ತೊಂದರೆಯನ್ನೂ ಹೇಳಿಲ್ಲ. ಅವರೇ ಸಲ್ಲಿಸಿದ ಪತ್ರಿಕಾ ವರದಿಯ ಪ್ರಕಾರ ದಿನವೂ ಕೋಟೆ ಹತ್ತುತ್ತಾರೆ.

ಆದೇಶವನ್ನು ನನ್ನ ಕೈಗಿಟ್ಟು ಮಾಮಾ ಅಂದರು: “ನೀ ಬರ್ದಿದ್ದ ಖರೆ ಆತು. ನಾ ಹೇಳಿದ್ದ ಸುಳ್ಳಾತು.”

ಮೇಲ್ಮನವಿಗೆ ಅವಕಾಶವಿತ್ತು. ಪತ್ರಿಕೆ ಒಂದು ತಿದ್ದುಪಡಿ ಹಾಕಿದರೆ ಸಾಕು ಎಂದುಕೊಂಡು ಸಂಪಾದಕರಿಗೆ ಫೋನ್ ಮಾಡಿದೆ. “ನಾಲ್ಕು ವರ್ಷದ ಹಿಂದಿನ ಸುದ್ದಿಗೆ ಏನ್ ತಿದ್ದುಪಡಿ? ಹೊಗಳಿದ್ದೀವಿ ಕಣ್ರೀ, ಬೈದಿಲ್ಲವಲ್ಲ!” ಎಂದರು. ಪತ್ರಿಕೆಯ ಹೆಸರಿರುವ ಹಾಳೆಯಲ್ಲಿ ಪತ್ರ ಕೊಡಲೂ ಒಪ್ಪಲಿಲ್ಲ. ಹನ್ನೊಂದು ವರ್ಷ ನಾನು ದುಡಿದ ಪತ್ರಿಕೆ ಅದು.

ಕೊನೆಗೆ ಬಿಳಿ ಹಾಳೆಯ ಮೇಲೆ ನಾನೇ ಬರೆದೆ: ಅಂದು ಅವರು ಮೆಟ್ಟಿಲು ಹತ್ತಿದ್ದು ನನ್ನ ಒತ್ತಾಯಕ್ಕೆ, ಒಂದೇ ಸಲ, ಮೊಣಕಾಲಿನ ನೋವು ಹೇಳಿದ್ದರು, ನಾನು ಅಚ್ಚಿಗೆ ಕೊಡಲಿಲ್ಲ. ಮಾಮಾ ಕನ್ನಡಕ ಏರಿಸಿ ಓದಿದರು.

“ಶಿಕ್ಕಾ ಎಲ್ಲೈತಿ?”

“ಪೇಪರಿನವ್ರು ಮುದ್ರಿ ಹಾಕ್ಲಿಲ್ಲ ಮಾಮಾ. ನನ್ನ ಸಹಿ ಅಷ್ಟ.”

“ಸುಳ್ಳಿಗೆ ಪೇಪರ್ ಪೂರಾ ಕೊಟ್ರು. ಖರೇದಕ್ಕ ಒಂದ್ ಶಿಕ್ಕಾ ಕೊಡಂಗಿಲ್ಲೇನು?”

ಮೇಲ್ಮನವಿಯೂ ತಿರಸ್ಕೃತವಾಯಿತು. ಎರಡನೆಯ ಆದೇಶದಲ್ಲಿ ಪತ್ರಿಕಾ ವರದಿಯ ಉಲ್ಲೇಖವಿತ್ತು, ನನ್ನ ಪತ್ರದ್ದು ಇರಲಿಲ್ಲ. ಅತ್ತೆ ಒಳಗಿನಿಂದಲೇ ನನ್ನನ್ನು ಬೈಯುತ್ತಿದ್ದಳು. ಮಾಮಾ ಅವಳನ್ನು ಸುಮ್ಮನಾಗಿಸಿ ನನ್ನ ಕಡೆ ತಿರುಗಿದರು.

“ಅವತ್ತ ಡಾಕ್ಟರ್ ಸಾಹೇಬಗ ಫಿಟ್ ಅದೇನಿ ಅಂತ ನಾನ ಹೇಳ್ದೆ. ಊರಿಗೆ ಬರ್ಬೇಕಾಗಿತ್ತು, ಹೇಳ್ದೆ. ನಿನಗೇನ್ ಅವಸರ ಇತ್ತೋ?”



ಶಸ್ತ್ರಚಿಕಿತ್ಸೆ ಇನ್ನೂ ಆಗಿಲ್ಲ. ಮಾಮಾ ಈಗಲೂ ಬ್ಯಾಂಕಿನ ಬಾಗಿಲಲ್ಲಿ ನಿಂತೇ ಕೆಲಸ ಮಾಡುತ್ತಾರೆ. ಬಾದಾಮಿಗೆ ಹೋದರೆ ಊಟ ಮಾಡಿಸದೆ ಕಳಿಸುವುದಿಲ್ಲ. ನನ್ನ ಅವ್ವನ ಆರೋಗ್ಯ, ಮಗಳ ಶಾಲೆ, ಎಲ್ಲ ವಿಚಾರಿಸುತ್ತಾರೆ. ಸೇನೆಯ ಮಾತು ಮಾತ್ರ ನನ್ನೆದುರು ತೆಗೆಯುವುದಿಲ್ಲ. ಹಳೆಯ ಜತೆಗಾರರು ಬಂದು ಕೂತು ಮಾತಾಡುತ್ತಿರುವಾಗ ನಾನು ಹೊಸ್ತಿಲು ದಾಟಿದರೆ, ಮಾತು ಅಲ್ಲಿಗೇ ನಿಲ್ಲುತ್ತದೆ.